ಟಿಳಕವಾಡಿಯ ಸಿಸಿಲಿಯನ್ ಚೆಸ್ ಕ್ಲಾಸ್: ಬರೇ ಐದು ಮೂವಿಗೆ ಎರಡೂವರೆ ಸಾವಿರ ಕೊಡಬೇಕೇನು?

ಮೊದಲ ಹೇಳಿಬಿಡ್ತೀನಿ, ಚೆಸ್ಸಿನ್ಯಾಗ ಬಿಳೀ ಇ4ಗೆ ಕರಿಯವ ಸಿ5 ಅಂತ ಶುರು ಮಾಡೋ ಸಿಸಿಲಿಯನ್ ಲೈನ್ ಬಾಯಿಪಾಠ ಮಾಡಿ ಬರೋ ಐತವಾರದ ಟೂರ್ನಮೆಂಟ್‌ನ್ಯಾಗ ಕಪ್ ಹೊಡೀಬೇಕು ಅನ್ನೋರು ಈ ಕ್ಲಾಸಿಗೆ ಹೋಗಬ್ಯಾಡ್ರಿ, ಸುಮ್ನ ರೊಕ್ಕ ದಂಡ. ಆದ್ರ ಇ4ಗೆ ಸಿ5 (ಉದ್ದ ಸಾಲಿಗೆ ಎ ಇಂದ ಎಚ್, ಅಡ್ಡ ಸಾಲಿಗೆ ಬಿಳೀ ಕಡೆಯಿಂದ 1 ರಿಂದ 8, ಹಿಂಗ ಮನಿ ಹೆಸರು; ಕಾಯಿ ಹೆಸರು ಹೇಳದಿದ್ರ ಅದು ಪ್ಯಾದಿ) ಯಾಕ ಆಡ್ತಾರ, ಅದರ ಮುಂದಿನ ಮೂರ್ನಾಕು ಮೂವ್ ಯಾಕ ಅದೇ ಸಾಲಿನ್ಯಾಗ ಬರ್ತಾವ, ಒಂದು ಹಿಂದ ಮುಂದ ಆದ್ರ ಏನ್ ಕೆಡ್ತೈತಿ ಅನ್ನೂದು ತಲಿಗಿ ಹೋಗಬೇಕು ಅಂದ್ರ ಬೆಳಗಾವ್ಯಾಗ ಇಷ್ಟು ಛಲೋ ಹೇಳಿಕೊಡೋ ಜಾಗ ನಾನಂತೂ ಬ್ಯಾರೆ ನೋಡಿಲ್ಲ.

ಎಲ್ಲಿ ಅಂದ್ರ ಟಿಳಕವಾಡಿ ಎರಡನೇ ರೈಲ್ವೆ ಗೇಟ್ ಕಡೆ, ಒಂದು ಮನಿ ಮ್ಯಾಲಿನ ಮಹಡಿ. ಬೋರ್ಡ್ ಇಲ್ಲ, ಹೆಸರೂ ಇಟ್ಟಿಲ್ಲ, ಓಣ್ಯಾಗ ಚೆಸ್ ಸರ್ ಮನಿ ಎಲ್ಲಿ ಅಂತ ಕೇಳಿದ್ರ ತೋರಸ್ತಾರ. ಶನಿವಾರ ಐತವಾರ ಸಂಜಿ ಎರಡೆರಡು ತಾಸು, ಎರಡು ತಿಂಗಳ ಬ್ಯಾಚ್, ಫೀ ಎರಡೂವರೆ ಸಾವಿರ, ದೊಡ್ಡವರು ಹಿಂದಿನ ಸಾಲಿನ್ಯಾಗ ಕುಂತು ಕೇಳ್ತೀವಿ ಅಂದ್ರ ಅರ್ಧಾ. ನಮ್ಮ ಅಕ್ಕನ ಮಗ ಹೋಗ್ತಾನ, ನಾನು ಅರ್ಧಾ ಫೀಯವರ ಪೈಕಿ. ಗಾಡಿ ಹಚ್ಚಾಕ ಜಾಗ ಇಲ್ಲ, ಗೇಟ್ ಹಾಕಿದ್ರ ಅಲ್ಲೇ ನಿಂತಿರಬೇಕು, ಅದಕ್ಕ ಹತ್ತು ನಿಮಿಷ ಮೊದಲ ಮನಿ ಬಿಡ್ರಿ. ಸರ್ ಅರ್ಧಾ ಕನ್ನಡ ಅರ್ಧಾ ಮರಾಠಿ ಮಾತಾಡ್ತಾರ, ನಮ್ಮೂರಾಗ ಅದೇನು ಹೊಸಾದಲ್ಲ, ಹುಡುಗೂರಿಗೂ ಅದ ಬರ್ತೈತಿ.

ನಮ್ಮ ಕಡೆ ಚೆಸ್ ಕೋಚಿಂಗ್ ಅಂದ್ರ ಏನಿತ್ತು ಹೇಳ್ರಿ. ಕರ್ನಾಟಕಕ್ಕ ಮೊದಲನೇ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದೇ 2017ರಾಗ, ಮೈಸೂರಿನ ತೇಜಕುಮಾರ್. ಆಮ್ಯಾಲ ಬಂದೋರೂ ಭಾಳ ಮಂದಿ ಆ ಕಡೆಯವರೇ. ಇಲ್ಲಿ ಜೋರ್ ಆಡೋ ಹುಡುಗೂರ್ನ ಅಪ್ಪ ಅವ್ವ ಸಾಂಗ್ಲಿಗೆ ಕರಕೊಂಡ ಹೋಗ್ತಾರ, ಅಲ್ಲಿ ನೂತನ್ ಬುದ್ಧಿಬಳ ಮಂಡಳದವರು ಭಾಳ ವರ್ಷದಿಂದ ಟೂರ್ನಮೆಂಟ್ ನಡಸ್ಕೊಂತ ಬಂದಾರ. ಉಳಿದೋರು ಯೂಟ್ಯೂಬ್ ನೋಡಿ ಕಲೀಬೇಕು. ಯೂಟ್ಯೂಬ್‌ನ್ಯಾಗ ಹೇಳೋರು ಏನು ಆಡಬೇಕು ಅಂತ ಛಲೋ ಹೇಳ್ತಾರ, ಅದನ್ನ ಆಡದಿದ್ರ ಏನಾಗ್ತೈತಿ ಅನ್ನೂದು ಹೇಳೋರು ಕಡಿಮಿ. ಈ ಸರ್ ಕ್ಲಾಸ್ ಪೂರ್ತಿ ನಿಂತಿರೋದು ಆ ಒಂದ ಪ್ರಶ್ನಿ ಮ್ಯಾಲ: "ಇದನ್ನ ಆಡದಿದ್ರ?"

ಮೊದಲನೇ ದಿನ ಬರೇ ಸಿ5. ಗ್ವಾಡಿಗೆ ತೂಗ್ಹಾಕಿದ ಮ್ಯಾಗ್ನೆಟ್ ಬೋರ್ಡಿನ್ಯಾಗ ಇ4, ಸಿ5, ಕುದುರಿ ಎಫ್3, ಡಿ6, ಡಿ4, ಹೊಡಿ, ಕುದುರಿಲೇ ಹೊಡಿ, ಅಷ್ಟು ಹಾಕಿ ನಿಲ್ಲಿಸಿ, ಈಗ ಯಾರಿಗೆ ಲಾಭ ಆತು ಅಂತ ಕೇಳಿದ್ರು. ಹುಡುಗೂರು ಎಲ್ಲಾ ಕೂಡಿ ಬಿಳೀಗೆ ಅಂದ್ರು, ಕುದುರಿ ನಟ್ಟನಡುವ ಬಂದು ನಿಂತೈತಲ್ಲ. ಆಗ ಪ್ಯಾದಿ ಎಣಸ್ರಿ ಅಂದ್ರು. ಬಿಳಿಯವ ಕೊಟ್ಟಿದ್ದು ನಡುವಿನ ಡಿ ಪ್ಯಾದಿ, ಕರಿಯವ ಕೊಟ್ಟಿದ್ದು ಬದಿಗಿದ್ದ ಸಿ ಪ್ಯಾದಿ. ಈಗ ಕರೀ ಕಡೆ ಡಿ ಮತ್ತ ಇ ಎರಡೂ ಅದಾವ, ಬಿಳೀ ಕಡೆ ಇ ಒಂದ. ಮ್ಯಾಲ ಸಿ ಸಾಲು ಅರ್ಧಾ ಖಾಲಿ, ಮುಂದ ಕರೀ ಆನಿ ಅಲ್ಲಿ ಬಂದು ಕೂಡ್ತೈತಿ. ಆದ್ರ ಬಿಳೀ ಕಾಯಿ ಲಗೂನ ಹೊರಗ ಬರ್ತಾವ, ಜಾಗಾನೂ ಜಾಸ್ತಿ. ಅಂದ್ರ ಕರೀ ಲಾಭ ತಡಾ ಆಗಿ ಬರೂದು, ಬಿಳೀ ಲಾಭ ಈಗಿಂದೀಗ ಕೈಯ್ಯಾಗಿರೂದು, ಹಿಂಗಾಗಿ ಕರಿಯವನ ಮೊದಲಿನ ಮೂವ್ ಎಲ್ಲಾ ಆ ತಡಾ ಆಗಿ ಬರೋ ಲಾಭದ ತನಕ ಉಳಕೊಳ್ಳೋ ಸಲುವಾಗಿ. ಇದು ಒಂದು ತಿಳದ್ರ ಸಿಸಿಲಿಯನ್ ಅರ್ಧಾ ತಿಳದಂಗ ಅಂದ್ರು, ನನಗೂ ಹಂಗ ಅನಿಸ್ತು.

ಎರಡನೇ ಮೂವಿಗೆ ಒಂದು ವಾರ ಹೋತು. ಕುದುರಿ ಎಫ್3 ಬಂದಮ್ಯಾಲ ಕರೀಗೆ ದೊಡ್ಡ ದಾರಿ ಮೂರು, ಡಿ6, ಕುದುರಿ ಸಿ6, ಇ6. ಡಿ6 ಆಡಿದ್ರ ಬಿಳೀ ಪ್ಯಾದಿ ಇ5ಗೆ ನುಗ್ಗೂದು ಸುಲಭ ಆಗೂದಿಲ್ಲ, ಹಂಗಾಗಿ ನಮ್ಮ ಕುದುರಿ ಎಫ್6ಗೆ ನಿಶ್ಚಿಂತಿ ಬರಬಹುದು, ಆದ್ರ ಒಂಟಿ (ಬಿಷಪ್) ಬಿ5ಗೆ ಬಂದು ಶಹ (ಚೆಕ್) ಕೊಡ್ತೈತಿ. ಕುದುರಿ ಸಿ6 ಅಂದ್ರ ಡಿ4 ಇ5 ಎರಡರ ಮ್ಯಾಲೂ ಕಣ್ಣು, ಆದ್ರ ಅದೇ ಒಂಟಿ ಬಿ5ಗೆ ಬಂದು ಕುದುರಿ ಹೊಡದು ಪ್ಯಾದಿ ಡಬಲ್ ಮಾಡ್ತೀನಿ ಅಂತ ಕೂಡ್ತೈತಿ, ಅದಕ್ಕ ರೊಸೊಲಿಮೋ ಅಂತಾರ. ಇ6 ಆಡಿದ್ರ ಒಂಟಿಗೆ ಬಿ5ನ್ಯಾಗ ಕೆಲಸಿಲ್ಲ, ಮುಂದ ಡಿ5 ಹೊಡ್ಯಾಕೂ ಬರ್ತೈತಿ, ಆದ್ರ ನಮ್ಮ ಸಿ8 ಒಂಟಿ ಒಳಗ ಸಿಕ್ಕೊಂತೈತಿ, ಡಿ6 ಮನಿ ಪೊಳ್ಳ ಬೀಳ್ತೈತಿ. ಮೂರರಾಗ ಯಾವ್ದು ಬೆಸ್ಟ್ ಅಂತ ಕೇಳಿದ್ರ ಸರ್ ಹೇಳೂದಿಲ್ಲ, ನೀ ಯಾವ ತ್ರಾಸ ತಡಕೊಂತಿ ಅದನ್ನ ಆರಸ್ಕೊ ಅಂತಾರ. ಇದು ನನಗ ಭಾಳ ಸೇರ್ತು.

ಒಂದು ಹುಡುಗಿ, ಎಂಟನೇತ್ತಾ ಇರಬೇಕು, ಹಂಗಾದ್ರ ಎರಡನೇ ಮೂವಿಗೇ ಎ6 ಆಡಿದ್ರ ಅಂತ ಕೇಳಿದ್ಲು. ಸರ್ ನಗಲಿಲ್ಲ, ಬೋರ್ಡಿನ್ಯಾಗ ಹಾಕಿ ತೋರ್ಸಿದ್ರು. ಬಿಳಿಯವ ಎಂದಿನಂಗ ಡಿ4 ಆಡಿ ಕುದುರಿಲೇ ಹೊಡದ್ರ, ಕುದುರಿ ಎಫ್6, ಕುದುರಿ ಸಿ3, ಈಗ ಕರೀ ಇ5 ಅಂತ ಒತ್ತಿದ್ರ ಬಿಳೀ ಕುದುರಿಗೆ ಬಿ5 ಮನಿ ಸಿಗೂದಿಲ್ಲ, ಕರೀ ಆಟ ಛಲೋ. ಆದ್ರ ಬಿಳಿಯವ ಶಾಣ್ಯಾ ಇದ್ರ ಡಿ4 ಆಡೂದಿಲ್ಲ, ಮೂರನೇ ಮೂವಿಗೆ ಸಿ4 ಇಲ್ಲಾ ಸಿ3 ಆಡ್ತಾನ, ಆವಾಗ ಎ6 ಅನ್ನೂದು ಸುಮ್ನ ಕೈ ಬಿಟ್ಟ ಮೂವ್ ಆಗಿ ಕೂಡ್ತೈತಿ. ಇದಕ್ಕ ಓ'ಕೆಲ್ಲಿ ಅಂತ ಹೆಸರೂ ಐತಿ. ಹಿಂಗ ಹುಡುಗೂರ ಪ್ರಶ್ನಿ ಹಿಡಕೊಂಡ ಪಾಠಾ ಬ್ಯಾರೆ ಕಡೆ ಒಯ್ಯೂದು ಎಲ್ಲಾ ಸರ್‌ಗಳಿಗೂ ಬರೂದಿಲ್ಲ.

ಈಗ ಅಸಲಿ ವಿಷಯ, ನಾಕನೇ ಐದನೇ ಮೂವ್. ನನಗ ಕೇಳಿದ್ರ ಇಡೀ ಫೀ ಇಲ್ಲೇ ವಸೂಲಾತು. ಬಿಳೀ ಕುದುರಿ ಡಿ4ಗೆ ಬಂದ ಕೂಡಲೇ ಕರೀ ಕುದುರಿ ಎಫ್6, ಎಲ್ಲಾ ಬುಕ್‌ನ್ಯಾಗೂ ಇರೂದು ಇದ. ಇದನ್ನ ಆಡದಿದ್ರ? ಎ6 ಇಲ್ಲಾ ಜಿ6 ಮೊದಲ ಆಡಿದ್ರ ಬಿಳಿಯವ ಸಿ4 ಒತ್ತಿಬಿಡ್ತಾನ, ಸಿ4 ಇ4 ಎರಡೂ ಪ್ಯಾದಿ ಕೂಡಿ ಡಿ5 ಮನಿ ಹಿಡಕೊಂತಾವ, ಕರೀಗೆ ಡಿ5 ಹೊಡ್ಯಾಕ ಬರೂದಿಲ್ಲ, ಬಿ5 ಒತ್ತೂದೂ ತ್ರಾಸ. ಮರೋಜಿ ಬೈಂಡ್ ಅಂತಾರಲ್ಲ ಅದು. ಕುದುರಿ ಎಫ್6 ಬಂದು ಇ4 ಪ್ಯಾದಿ ಮ್ಯಾಲ ಬಿದ್ರ ಬಿಳಿಯವ ಅದನ್ನ ಕಾಯಾಕ ಕುದುರಿ ಸಿ3ಗೆ ತರಬೇಕು, ಕುದುರಿ ಅಲ್ಲಿ ಬಂದ್ರ ಸಿ ಪ್ಯಾದಿ ಅದರ ಹಿಂದ ಬಂದ್. ಅಂದ್ರ ಕರಿಯವ ಇ4ನ ಕಾಡೂದು ಇ4 ಸಲುವಾಗಿ ಅಲ್ಲ, ಸಿ4 ಬರಬಾರದು ಅಂತ. ಇಷ್ಟು ವರ್ಷ ಸಿಸಿಲಿಯನ್ ಆಡೋರಿಗೂ ಇದು ಗೊತ್ತಿರೂದಿಲ್ಲ ನೋಡ್ರಿ, ಕೈ ತಾನ ಹೋಗಿ ಕುದುರಿ ಎತ್ತಿರ್ತೈತಿ ಅಷ್ಟ.

ಆಮ್ಯಾಲ ಐದನೇ ಮೂವ್ ಎ6, ನಾಯ್ಡಾರ್ಫ್. ನೋಡಾಕ ಏನೂ ಇಲ್ಲದ ಸಣ್ಣ ಮೂವ್, ಒಂದು ಕಾಯೂ ಹೊರಗ ಬರಲಿಲ್ಲ. ಸರ್ ಏನ್ ಮಾಡಿದ್ರು ಅಂದ್ರ ಎ6 ತಗದು ಹಾಕಿ, ಇಬ್ಬಿಬ್ರನ್ನ ಕೂಡ್ಸಿ, ಕರೀಗೆ ನಿಮಗ ಬೇಕಾದ್ದು ಆಡ್ರಿ ಅಂದ್ರು. ಒಬ್ಬ ನೆಟ್ಟಗ ಇ5 ಆಡಿದ. ಬಿಳೀ ಒಂಟಿ ಬಿ5ಗೆ ಶಹ, ನಡುವ ಒಂಟಿ ಹಾಕಿದ್ರ ಹೊಡದಾಟ ಆಗಿ ಬಿಳೀ ಮನಿ ಮ್ಯಾಲ ಓಡ್ಯಾಡೋ ಒಂಟಿ ಎರಡೂ ಕಡೆ ಹೋದ್ವು, ಈಗ ಡಿ5 ಮನಿ ಕಾಯಾಕ ಕರಿಯವನ ಹಂತ್ಯಾಕ ಒಂಟಿ ಇಲ್ಲ, ಬಿಳೀ ಕುದುರಿ ಅಲ್ಲಿ ಮನಿ ಮಾಡ್ತೈತಿ. ಇನ್ನೊಬ್ಬ ನಮ್ಮ ಅಳಿಯ, ಅವಗ ಐದನೇ ಮೂವ್ ಜಿ6 ಆಡೋ ಡ್ರ್ಯಾಗನ್ ಹುಚ್ಚು, ಅದನ್ನ ಆಡಿದ. ಬಿಳೀ ಒಂಟಿ ಇ3ಗೆ ಬಂತು, ಇವ ಗಬಕ್ನ ಕುದುರಿ ಜಿ4ಗೆ ಹಾರ್ಸಿ ಒಂಟಿ ಮ್ಯಾಲ ಬಿಟ್ಟ. ಬಿಳೀ ಇನ್ನೊಂದು ಒಂಟಿ ಬಿ5ಗೆ ಶಹ. ಈಗ ಒಂಟಿ ಡಿ7ಗೆ ಹಾಕಿದ್ರ ಅದು ರಾಜನ ಮುಂದ ಪಿನ್ ಆಗಿ (ಸರಿದ್ರ ರಾಜಗ ಶಹ) ನಿಂತೈತಿ, ರಾಣಿ ಬಂದು ಜಿ4 ಕುದುರಿ ತಿಂದ್ರೂ ವಾಪಸ್ ಹೊಡ್ಯಾಕ ಬರೂದಿಲ್ಲ. ಕುದುರಿ ಸಿ6 ಹಾಕಿದ್ರೂ ಅಲ್ಲಿ ಹೊಡದಾಟ ಆಗಿ ಕಡೀಕ ಮೂಲ್ಯಾಗಿನ ಆನಿ ಹೋಗ್ತೈತಿ. ಆಮ್ಯಾಲ ಸರ್ ಎ6 ವಾಪಸ್ ಇಟ್ಟು ಅದೇ ಕುದುರಿ ಜಿ4 ಆಡಿ ತೋರ್ಸಿದ್ರು, ಈಗ ಬಿ5ಗೆ ಒಂಟಿ ಬರಾಂಗಿಲ್ಲ, ಅದೇ ಮೂವ್ ಇಲ್ಲಿ ದೊಡ್ಡ ದೊಡ್ಡ ಆಟಗಾರರು ಆಡೋ ಮೂವ್. ಕ್ಲಾಸ್ ಪೂರ್ತಿ ಗಪ್ ಆತು, ಅಳಿಯನ ಮಾರಿ ನೋಡಬೇಕಿತ್ತು.

ಹಿಂಗಂದ್ರ ಎ6 ಎಲ್ಲಾ ಕಡೆ ಛಲೋ ಅಂತ ಅಲ್ಲ, ಅದನ್ನೂ ತೋರ್ಸಿದ್ರು. ಎರಡನೇ ಮೂವ್ ಇ6 ಆಡಿದೋರು ಡಿ6 ಇನ್ನೂ ಒತ್ತದ ಕುದುರಿ ಎಫ್6 ಮಾಡಿ, ಬಿಳೀ ಕುದುರಿ ಸಿ3ಗೆ ಬಂದಮ್ಯಾಲ ಎ6 ಅಂದ್ರ ಬಿಳೀ ಪ್ಯಾದಿ ಇ5ಗೆ ಬಂದು ಕುದುರಿ ಓಡಸ್ತೈತಿ, ಮುಗೀತು. ಮತ್ತ ಸಿಸಿಲಿಯನ್ನಿನ ಇನ್ನೊಂದು ದಾರಿ ಸ್ವೆಶ್ನಿಕೋವ್‌ನ್ಯಾಗ ಎ6 ಇಲ್ಲದ ಇ5 ಆಡ್ತಾರಲ್ಲ, ಅದು ಹ್ಯಾಂಗ ನಡೀತೈತಿ ಅಂತ ನಾನ ಕೇಳ್ದೆ. ಅಲ್ಲಿ ಕುದುರಿ ಮೊದಲ ಸಿ6ನ್ಯಾಗ ನಿಂತಿರ್ತೈತಿ, ಒಂಟಿ ಬಿ5 ಶಹ ಆಗೂದೇ ಇಲ್ಲ. ಬಿಳೀ ಕುದುರಿ ಬಿ5ಗೆ ಬರ್ತೈತಿ ಖರೆ, ಆದ್ರ ಡಿ6 ಆಡಿ ಮುಚ್ಚಿ, ಒಂಟಿ ಜಿ5ಗೆ ಬಂದಮ್ಯಾಲ ಎ6 ಒತ್ತಿದ್ರ ಆ ಕುದುರಿ ಎ3 ಮೂಲಿಗೆ ಹೋಗಿ ಕೂಡಬೇಕು. ಡಿ5ನ್ಯಾಗ ತೂತು ಬಿದ್ದಿದ್ದು ಕರಿಯವಗ ಖರ್ಚು, ಬಿಳೀ ಕುದುರಿ ಮೂಲಿಗೆ ಹೋಗಿದ್ದು ಆಮದಾನಿ. ಲೆಕ್ಕ ಸರಿ.

ಇನ್ನೊಂದು ಹೇಳ್ಲೇಬೇಕು, ಐದನೇ ಮೂವ್ ಇ6 ಆಡೋ ಶೆವೆನಿಂಗೆನ್. ಅದಕ್ಕ ಬಿಳಿಯವ ಆರನೇ ಮೂವಿಗೆ ಜಿ4 ಅಂತ ಪ್ಯಾದಿ ಎಸೀತಾನ, ಕೆರೆಸ್ ಅಟ್ಯಾಕ್. ಎ6 ಆಡಿದ್ರ ಯಾಕ ಜಿ4 ನಡ್ಯೂದಿಲ್ಲ? ಸಿ8 ಒಂಟಿ ದಾರಿ ತೆರದೈತಿ, ಜಿ4 ಮ್ಯಾಲ ಕುದುರಿ ಒಂಟಿ ಎರಡೂ ಬೀಳ್ತಾವ, ಕಾಯಾಕ ರಾಣಿ ಒಬ್ಬಾಕಿ. ಇ6 ಆಡಿದ್ರ ಒಂಟಿ ದಾರಿ ನಾವ ಮುಚ್ಚಿರ್ತೀವಿ, ಪ್ಯಾದಿ ಪುಕ್ಕಟ ಸಿಗೂದಿಲ್ಲ. ವರ್ಲ್ಡ್ ಚಾಂಪಿಯನ್ ಆಗಿದ್ದ ಕ್ಯಾಸ್ಪರೋವ್ ಅದಕ್ಕ ಮೊದಲ ಎ6 ಆಡಿ ಆಮ್ಯಾಲ ಇ6 ಆಡ್ತಿದ್ದ, ಅದೇ ಶೆವೆನಿಂಗೆನ್ ಜಾಗಕ್ಕ ಜಿ4 ತಪ್ಪಿಸ್ಕೊಂಡು ಬಂದು ಸೇರ್ತಿದ್ದ. ಒಂದು ಪ್ಯಾದಿ ಒಂದು ಮನಿ ಮೊದಲ ಹೋಗೂದು, ಆಮ್ಯಾಲ ಹೋಗೂದು, ಇದರಾಗ ಇಷ್ಟು ಐತಿ.

ಸರ್ ನಡುನಡುವ ಹಳೇ ವರ್ಲ್ಡ್ ಚಾಂಪಿಯನ್‌ಶಿಪ್ ಮ್ಯಾಚ್ ತರ್ತಾರ, ಕಥಿ ಹೇಳಾಕ ಅಲ್ಲ, ಮೂವ್ ಹೇಳಾಕ. 1972ರಾಗ ರೇಕ್ಯಾವಿಕ್‌ನ್ಯಾಗ ಫಿಶರ್ ನಾಯ್ಡಾರ್ಫ್ ಆಡಿ ರಾಣಿಲೇ ಬಿ2 ಪ್ಯಾದಿ ತಿಂದು 11ನೇ ಗೇಮ್ ಸ್ಪಾಸ್ಕಿ ಕೈಯ್ಯಾಗ ಸೋತಿದ್ದು. 1995ರಾಗ ನ್ಯೂಯಾರ್ಕ್ ವರ್ಲ್ಡ್ ಟ್ರೇಡ್ ಸೆಂಟರ್‌ನ್ಯಾಗ ಮೊದಲ ಎಂಟು ಗೇಮ್ ಡ್ರಾ ಆಗಿ, ನಮ್ಮ ಆನಂದ್ 9ನೇದು ಶೆವೆನಿಂಗೆನ್ ಮುರದು ಗೆದ್ದಮ್ಯಾಲ, ಕ್ಯಾಸ್ಪರೋವ್ 11ನೇದಕ್ಕ ಡ್ರ್ಯಾಗನ್ ತಗದು ಗೆದ್ದಿದ್ದು. ಇದು ಹೇಳೂವಾಗ ನಮ್ಮ ಅಳಿಯ ಹಿಂದ ತಿರುಗಿ ನನ್ನ ಕಡೆ ನೋಡಿ ಹುಬ್ಬು ಹಾರ್ಸಿದ. ಆಮ್ಯಾಲ 2018 ಲಂಡನ್, ಕರುವಾನ ಮೊದಲ ಮೊದಲ ರೊಸೊಲಿಮೋ ಆಡಿದ, ಮುಂದ ಕಾರ್ಲ್‌ಸನ್‌ನ ಸ್ವೆಶ್ನಿಕೋವ್ ಎದುರಿಗೆ ಏಳನೇ ಮೂವ್ ಕುದುರಿ ಡಿ5 ಹಿಡಕೊಂಡ, ಆದ್ರೂ ಉದ್ದ ಟೈಮಿನ 12 ಕ್ಲಾಸಿಕಲ್ ಗೇಮೂ ಡ್ರಾ, ಕಡೀಕ ಕಡಿಮಿ ಟೈಮಿನ ರ‍್ಯಾಪಿಡ್‌ನ್ಯಾಗ ಕಾರ್ಲ್‌ಸನ್ ಮೂರಕ್ಕ ಮೂರೂ ಗೆದ್ದ. ಎರಡನೇ ಮೂವಿಗೆ ಕುದುರಿ ಸಿ6 ಆರಿಸಿದವಗ ಯಾವ ತ್ರಾಸ ಬರ್ತೈತಿ ಅಂತ ಮೊದಲ ಹೇಳಿದ್ರಲ್ಲ, ಅದು ವರ್ಲ್ಡ್ ಚಾಂಪಿಯನ್‌ಗೂ ಹಂಗ ಬಂತು ಅಂತ ತೋರಸೂದು ಅವರ ಉದ್ದೇಶ.

ಈಗ ತಕರಾರು. ದೊಡ್ಡದು ಒಂದ ಐತಿ. ಈ ಕ್ಲಾಸ್‌ನ್ಯಾಗ ಎಂಟ್ರಾಗ ಏಳು ಪಾಲು ಓಪನ್ ಸಿಸಿಲಿಯನ್, ಅಂದ್ರ ಬಿಳಿಯವ ಕುದುರಿ ಎಫ್3 ಆಡಿ ಡಿ4 ಆಡೂದು. ನಮ್ಮ ಲೆವೆಲ್‌ನ್ಯಾಗ ಆನ್‌ಲೈನ್ ಕುಂತ್ರ ಅದನ್ನ ಆಡೋರು ಎಷ್ಟು ಮಂದಿ? ಒಬ್ಬ ಎರಡನೇ ಮೂವಿಗೆ ಒಂಟಿ ಸಿ4ಗೆ ತಂದು ಎಫ್7 ಮ್ಯಾಲ ಕಣ್ಣು ಹಾಕ್ತಾನ, ಒಬ್ಬ ಸಿ3 ಅಲಾಪಿನ್, ಒಬ್ಬ ಡಿ4 ಆಡಿ ಪ್ಯಾದಿ ಪುಕ್ಕಟ ಕೊಡೋ ಸ್ಮಿತ್-ಮೋರಾ, ಒಬ್ಬ ಎಫ್4 ಒತ್ತಿ ಗ್ರ್ಯಾಂಡ್ ಪ್ರಿ. ಇವನ್ನೆಲ್ಲಾ ಕೂಡ್ಸಿ ಕಡೀ ವಾರ ಒಂದ ಕ್ಲಾಸ್‌ನ್ಯಾಗ ಮುಗಿಸಿಬಿಟ್ರು, ಊಟಕ್ಕ ಕರದು ಉಪ್ಪಿನಕಾಯಿ ಅಷ್ಟ ಬಡಿಸಿದಂಗ ಆತು. ಹೇಳಿದಷ್ಟು ಛಲೋನೇ ಹೇಳಿದ್ರು, ಅದಕ್ಕ ಇನ್ನೂ ಸಿಟ್ಟು. ಸಿ3 ಆಡಿದವಗ ತನ್ನ ಕುದುರಿಗೆ ಸಿ3 ಮನಿ ಇಲ್ಲ, ಹಂಗಾಗಿ ಕರಿಯವ ಡಿ5 ಆಡಿ ರಾಣಿಲೇ ವಾಪಸ್ ಹೊಡದ್ರೂ ರಾಣಿಯನ್ನ ಓಡ್ಸಾಕ ಕುದುರಿ ಬರೂದಿಲ್ಲ, ಈ ಒಂದು ಮಾತು ಅಳಿಯನ ಅಲಾಪಿನ್ ಹೆದರಿಕಿ ಬಿಡಿಸ್ತು. ಒಂಟಿ ಸಿ4ಗೆ ಇ6, ಆಮ್ಯಾಲ ಡಿ5 ಒತ್ತಿ ಒಂಟಿನ ಓಡಸೂದು. ಮೋರಾದಾಗ ಸೈಬೀರಿಯನ್ ಟ್ರ್ಯಾಪ್ ಅಂತ ತೋರ್ಸಿದ್ರು, ರಾಣಿ ಸಿ7, ಕುದುರಿ ಜಿ4ಗೆ ಹಾರಿ ಎಚ್2 ಮ್ಯಾಲ ಕಣ್ಣು, ಬಿಳಿಯವ ಎಚ್3 ಅಂತ ಬೆದರ್ಸಾಕ ಹೋದ್ರ ಇನ್ನೊಂದು ಕುದುರಿ ಡಿ4ಗೆ ಬಂದು ಇ2ನ್ಯಾಗಿದ್ದ ರಾಣಿ ಹೋತು. ಹುಡುಗೂರು ಕುಣದಾಡಿದ್ರು. ಇಂಥಾದ್ದು ಎರಡು ವಾರ ಇಡಬೇಕಿತ್ತು.

ಅಲ್ಲಿ ತನಕ ನಿಮ್ಮ ಕೆಲಸ ನೀವ ಮಾಡ್ಕೊಬಹುದು, ಲಿಚೆಸ್ ಅನ್ನೋ ಚೆಸ್ ವೆಬ್‌ಸೈಟ್‌ನ್ಯಾಗ ಓಪನಿಂಗ್ ಎಕ್ಸ್‌ಪ್ಲೋರರ್ ಪುಕ್ಕಟ ಐತಿ, ಅದರಾಗ ನಿಮ್ಮ ರೇಟಿಂಗ್ ಹಾಕಿದ್ರ ಆ ಲೆವೆಲ್‌ನವರು ಸಿ5 ಆದಮ್ಯಾಲ ಏನೇನು ಆಡ್ತಾರ ಅಂತ ಬರ್ತೈತಿ. ಮೊದಲ ಅದನ್ನ ನೋಡ್ರಿ, ನಿಮ್ಮ ಎದುರಿಗೆ ಏನು ಜಾಸ್ತಿ ಬರ್ತೈತಿ ಅದನ್ನ ಮೊದಲ ಕಲೀರಿ. ಸರ್‌ಗೂ ಹೇಳ್ದೆ, ಹೂಂ ಅಂದ್ರು, ಅವರು ಹೂಂ ಅಂದ್ರ ಆತು ಅಂತ ಅರ್ಥ ಅಲ್ಲ.

ಇನ್ನ ಸಣ್ಣ ಸಣ್ಣವು. ನೋಟ್ಸ್ ಅಂತ ಝೆರಾಕ್ಸ್ ಕೊಡ್ತಾರ, ಝೆರಾಕ್ಸಿನ ಝೆರಾಕ್ಸು, ಅದರಾಗ ಬಿಳೀ ಕಾಯಿ ಯಾವ್ದು ಕರೀ ಕಾಯಿ ಯಾವ್ದು ತಿಳಿಯೂದಿಲ್ಲ, ಫೋನ್‌ನ್ಯಾಗ ಬೋರ್ಡ್ ಫೋಟೋ ಹೊಡಕೊಳ್ಳೂದ ಬೇಶ್. ಶುರು ಆಗೂದು ಯಾವಾಗ್ಲೂ ಕಾಲ್ ತಾಸು ತಡಾ. ಫ್ಯಾನ್ ಒಂದ, ಅದು ಸರ್ ತಲಿ ಮ್ಯಾಲ, ಬ್ಯಾಸಗ್ಯಾಗ ಹಿಂದಿನ ಸಾಲು ಬೆವತು ಹೋಗ್ತೈತಿ. ಚಹಾ ಮಾತ್ರ ಮನಿಯವರು ಮಾಡಿ ಕೊಡ್ತಾರ, ಆಲೇ ಹಾಕಿದ್ದು, ಅದಕ್ಕ ಐದಕ್ಕ ಐದು ಸ್ಟಾರ್.

ಹಿಂದಿನ ಸಾಲಿನ್ಯಾಗ ನನ್ನ ಬಾಜೂ ಒಬ್ಬ ಕಾಕಾ ಕೂಡ್ತಾರ, ರಿಟೈರ್ ಆದೋರು, ಅವರು ಹಳೇ ದೇಶಿ ಆಟದೋರು, ಪ್ಯಾದಿ ಒಂದ ಮನಿ ಹೋಗೂದು, ರಾಜ ಒಂದ ಸಲ ಕುದುರಿಯಂಗ ಹಾರೂದು. ಸಿ5 ಒಂದ ಮೂವಿಗೆ ಹ್ಯಾಂಗ ಬಂತು ಅಂತ ಮೊದಲ ಮೊದಲ ಭಾಳ ತಕರಾರು ಮಾಡಿದ್ರು. ಈಗ ಅವರ ಎಲ್ಲಾರಕಿಂತ ಮೊದಲ ಇದನ್ನ ಆಡದಿದ್ರ ಅಂತ ಕೇಳ್ತಾರ. ಹಿರೇರನ್ನ ಕಳಸೂದಿದ್ರ ಅಂಜಬ್ಯಾಡ್ರಿ ಅಂತ ಇದನ್ನ ಬರದೆ.

ನಾನು ಇದಕ್ಕೂ ಮೊದಲ ಒಂದು ಆನ್‌ಲೈನ್ ಕೋರ್ಸ್ ತಗೊಂಡಿದ್ದೆ, ಹೆಸರು ಬ್ಯಾಡ, ಫೀ ಇದರ ಡಬಲ್. ನೂರಾರು ಲೈನ್, 20ನೇ ಮೂವಿನ ತನಕ, ದಿನಾ ನೆನಪು ಮಾಡ್ಸಾಕ ನೋಟಿಫಿಕೇಶನ್. ಎದುರಿನವ ಏಳನೇ ಮೂವಿಗೆ ಪಟ್ಟ್ಯಾಗ ಇಲ್ಲದ್ದು ಆಡಿದ ಕೂಡಲೇ ಕೈ ಕಾಲು ಆಡೂದಿಲ್ಲ, ಯಾಕಂದ್ರ ಹಿಂದಿನ ಆರು ಯಾಕ ಆಡೀವಿ ಅನ್ನೂದ ಗೊತ್ತಿರೂದಿಲ್ಲ. ಟಿಳಕವಾಡಿ ಕ್ಲಾಸ್‌ನ್ಯಾಗ ಆರನೇ ಮೂವ್ ದಾಟೂದ ಅಪರೂಪ, ಆದ್ರ ಎದುರಿನವ ಬ್ಯಾರೆ ಆಡಿದ್ರ ಅವ ಏನು ಬಿಟ್ಟುಕೊಟ್ಟ ಅಂತ ಹುಡುಕಾಕ ಬರ್ತೈತಿ. ಅದಕ್ಕ ರೊಕ್ಕ ಕೊಡಬಹುದು ಅನ್ನೂದು ನನ್ನ ಲೆಕ್ಕ.

ಒಂದ ವಿಷಯದಾಗ ಸರ್ ಜೋಡಿ ನನಗ ಕೂಡೂದಿಲ್ಲ. ಬಾಯಿಲೇ ನಿಮಗ ಬೇಕಾದ್ದು ಆರಸ್ಕೊರಿ ಅಂತಾರ, ಆದ್ರ ಪ್ರ್ಯಾಕ್ಟೀಸ್ ಗೇಮ್ ಬಂತಂದ್ರ ಎಲ್ಲಾರನ್ನೂ ನಾಯ್ಡಾರ್ಫ್‌ಗೆ ದಬ್ತಾರ. ಸಣ್ಣ ಹುಡುಗೂರಿಗೆ ಅದು ಭಾರ. ಬಿಳಿಯವಗ ಆರನೇ ಮೂವಿಗೇ ಒಂಟಿ ಜಿ5, ಒಂಟಿ ಇ3, ಒಂಟಿ ಇ2, ಒಂಟಿ ಸಿ4, ಎಫ್3, ಎಚ್3 ಅಂತ ಪಟ್ಟಿನ ಐತಿ, ಒಂದೊಂದಕ್ಕ ಒಂದೊಂದು ಉತ್ತರ. ಎರಡನೇ ಮೂವ್ ಇ6, ನಾಕನೇ ಮೂವ್ ಎ6 ಆಡೋ ಕಾನ್ ಇಲ್ಲಾ ಕುದುರಿ ಸಿ6 ಆಡೋ ಟೈಮನೋವ್ ಹಿಡ್ಸಿದ್ರ ನೆನಪಿಡೂದು ಕಡಿಮಿ, ಬಿ5 ಶಹದ ಕಾಟಾನೂ ಇಲ್ಲ. ಕಾನ್‌ನ್ಯಾಗ ಬಿಳಿಯವ ಸಿ4 ಆಡ್ತಾನ ಖರೆ, ಆದ್ರ ನಮ್ಮ ಲೆವೆಲ್‌ನ್ಯಾಗ ಎಷ್ಟು ಮಂದಿಗೆ ಅದು ಗೊತ್ತು. ನಮ್ಮ ಅಳಿಯ ಮಾತ್ರ ನಾಯ್ಡಾರ್ಫೂ ಒಲ್ಲೆ, ಕಾನೂ ಒಲ್ಲೆ, ಡ್ರ್ಯಾಗನ್ನ ಬೇಕು ಅಂತಾನ, ಬಿಳಿಯವ ಎಫ್3 ಒತ್ತಿ ರಾಣಿ ಡಿ2ಗೆ ತಂದು ಎಚ್ ಪ್ಯಾದಿ ಬಿಟ್ಟು ರಾಜನ ಮ್ಯಾಲ ಬರ್ತಾನ ಅಂತ ಗೊತ್ತಿದ್ದೂ. ಆಡ್ಲಿ.

ಮುಂದಿನ ಬ್ಯಾಚ್ ದೀಪಾವಳಿ ಮುಗದಮ್ಯಾಲ ಶುರು, ಫೀ ಮೂರು ಸಾವಿರ ಮಾಡ್ತಾರಂತ, ಅದರಾಗ ಸಿ3, ಮೋರಾ, ಒಂಟಿ ಸಿ4 ಇವಕ್ಕ ಎಷ್ಟು ಕ್ಲಾಸ್ ಅಂತ ಮೊದಲ ಕೇಳ್ರಿ, ಒಂದ ಅಂದ್ರ ಹಳೇ ಫೀ ಕೊಡ್ತೀವಿ ಅನ್ರಿ.